ಇಂಚಿನ ಸಿಪಾಯಿ, ಮೈಲಿಯ ಮೈದಾನ

ಮೇಜಿನ ಮೇಲೆ ಯುದ್ಧವಾಡುವವರ ಗೊಂಬೆ ಎಷ್ಟೆತ್ತರ ಇರಬೇಕು? ಎರಡು ಮಿಲಿಮೀಟರಿನಿಂದ ಐವತ್ನಾಲ್ಕರ ತನಕ ಉತ್ತರಗಳುಂಟು, ಒಂದೊಂದಕ್ಕೂ ಕಟ್ಟಾ ಭಕ್ತರುಂಟು. ಡಬ್ಬಿಯ ಮೇಲಿನ ಅಂಕಿ ನೋಡಿ ಮರುಳಾಗುವ ಮೊದಲು ಮನೆಯ ಊಟದ ಮೇಜಿಗೊಮ್ಮೆ ಟೇಪು ಹಿಡಿಯಿರಿ!

ಲಂಡನ್ನಿನ ಪಿಕಡಿಲಿ ಬೀದಿ, 1838. ಈಜಿಪ್ಷಿಯನ್ ಹಾಲ್ ಎಂಬ ಪ್ರದರ್ಶನ ಮಂದಿರದ ಬಾಗಿಲಲ್ಲಿ ಒಂದು ಶಿಲ್ಲಿಂಗ್ ತೆತ್ತು ಜನ ಒಳನುಗ್ಗುತ್ತಿದ್ದಾರೆ. ಒಳಗೆ ಹಾಸಿಟ್ಟಿರುವುದು ಒಂದು ಇಡೀ ರಣರಂಗ. ಪೈರು ನಿಂತ ಹೊಲ, ತೋಟದ ಮನೆ, ಸುತ್ತುಗೋಡೆ, ದಿಣ್ಣೆ. ಅದರ ಮೇಲೆ ತವರ ಮತ್ತು ಸೀಸದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಪುಟಾಣಿ ಸಿಪಾಯಿಗಳು.

ಅದು ವಾಟರ್ಲೂ. 1815ರ ಜೂನ್ 18ರ ಸಂಜೆ ಸುಮಾರು ಏಳು ಗಂಟೆ. ನೆಪೋಲಿಯನ್ನನ ಖಾಸಾ ಗಾರ್ಡ್ ಪಡೆ ಕೊನೆಯ ಬಾರಿಗೆ ದಿಣ್ಣೆ ಏರುತ್ತಿರುವ ಗಳಿಗೆ.

ಇದನ್ನು ಕಟ್ಟಿದವನು ವಿಲಿಯಂ ಸೈಬಾರ್ನ್ ಎಂಬ ಲೆಫ್ಟಿನೆಂಟ್. ಆ ಯುದ್ಧದಲ್ಲಿ ಅವನು ಇರಲಿಲ್ಲ. ಆ ಕೊರತೆಯನ್ನು ಹಟದಿಂದ ತುಂಬಿಕೊಂಡ. 1830ರಲ್ಲಿ ಲಾ ಹೇ ಸಾಂತ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ಬೀಡುಬಿಟ್ಟು ನೆಲದ ಉಬ್ಬುತಗ್ಗನ್ನೆಲ್ಲ ಅಳೆದ. ಬದುಕುಳಿದಿದ್ದ ಅಧಿಕಾರಿಗಳಿಗೆ ಪತ್ರ ಬರೆದು, ಆ ಸಂಜೆ ನಿಮ್ಮ ಪಡೆ ಎಲ್ಲಿತ್ತು, ಎದುರಿಗೆ ಯಾರಿದ್ದರು, ಹೊಲದಲ್ಲಿ ಯಾವ ಬೆಳೆ ಇತ್ತು ಎಂದು ಕೆದಕಿ ಕೇಳಿದ. ನಡುವೆ ಸರ್ಕಾರ ದುಡ್ಡು ನಿಲ್ಲಿಸಿತು. ಸಾಲ ಮಾಡಿ ಮುಗಿಸಿದ.

ಅಷ್ಟು ನಿಷ್ಠೆಯ ಮನುಷ್ಯ ಒಂದು ಕಡೆ ಮಾತ್ರ ಗೊತ್ತಿದ್ದೂ ಸುಳ್ಳು ಹೇಳಿದ್ದಾನೆ.

ಅವನ ನೆಲದ ಅಳತೆ ಒಂದು ಮೈಲಿಗೆ ಒಂಬತ್ತು ಅಡಿ. ಎಂದರೆ ನಿಜದ ನೆಲದ 587ರಲ್ಲಿ ಒಂದು ಪಾಲು. ಹಾಗಿದ್ದೂ ಇಡೀ ಮಾದರಿ ಸುಮಾರು 400 ಚದರಡಿ ಆಯಿತು; ನಮ್ಮ 20-30 ಸೈಟಿನ ಮೂರರಲ್ಲಿ ಎರಡು ಭಾಗ. ಈ ಲೆಕ್ಕಕ್ಕೆ ಸಿಪಾಯಿಯ ಎತ್ತರ ಮೂರು ಮಿಲಿಮೀಟರ್ ಇರಬೇಕಿತ್ತು. ಸೈಬಾರ್ನನ ಗೊಂಬೆಗಳು ಸುಮಾರು ಹತ್ತು ಮಿಲಿಮೀಟರ್. ಅವನ ನೆಲದ ಮೇಲೆ ಅವನದೇ ಸಿಪಾಯಿಗಳು ಹತ್ತೊಂಬತ್ತು ಅಡಿಯ ರಾಕ್ಷಸರು! ಸಂಖ್ಯೆಯೂ ಅಷ್ಟೆ. ಫ್ರೆಂಚ್, ಬ್ರಿಟಿಷ್ ಮಿತ್ರಪಡೆ, ಪ್ರಶ್ಯನ್, ಹೀಗೆ ಮೂರೂ ಸೇನೆ ಸೇರಿ ಅಂದು ಆ ಬಯಲಲ್ಲಿ ಇದ್ದವರು ಸುಮಾರು ಒಂದು ಲಕ್ಷ ತೊಂಬತ್ತು ಸಾವಿರ. ಒಂದು ಗೊಂಬೆ ಇಬ್ಬರಿಗೂ ಮಿಕ್ಕಿ ಲೆಕ್ಕ ಒಪ್ಪಿಸಬೇಕು.

ಬೇರೆ ದಾರಿ ಇತ್ತೇ? ಮೂರು ಮಿಲಿಮೀಟರಿನ ಸಿಪಾಯಿಯನ್ನು ನಾಲ್ಕು ಅಡಿ ದೂರದಿಂದ ನೋಡಿದರೆ ಧೂಳಿನ ಕಣ. ಶಿಲ್ಲಿಂಗ್ ಕೊಟ್ಟು ಬಂದವರು ಸೇನೆ ನೋಡಬೇಕು, ಧೂಳನ್ನಲ್ಲ. ಲಂಡನ್ನಿನ ಚೆಲ್ಸಿಯಲ್ಲಿರುವ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿ ಈ ಮಾದರಿ ಈಗಲೂ ಇದೆ.

ವಾರ್‌ಗೇಮ್ ಆಡುವವರು ಇಂದಿಗೂ ಸೈಬಾರ್ನನ ಇಕ್ಕಟ್ಟಿನಲ್ಲೇ ಇದ್ದಾರೆ. ಮನುಷ್ಯನಿಗೆ ಒಂದು ಅಳತೆ, ನೆಲಕ್ಕೆ ಇನ್ನೊಂದು. ಎರಡೂ ಒಂದೇ ಆಗುವುದು ಮೇಜಿನ ಮೇಲೆ ಹೆಚ್ಚುಕಡಿಮೆ ಅಸಾಧ್ಯ. ಯಾವ ಗಾತ್ರದ ಗೊಂಬೆ ಕೊಳ್ಳಲಿ ಎಂಬ ಪ್ರಶ್ನೆಯ ಒಳಗೆ ನಿಜವಾಗಿ ಅಡಗಿರುವುದು, ಎಲ್ಲಿ ಎಷ್ಟು ಸುಳ್ಳನ್ನು ಸಹಿಸಿಕೊಳ್ಳಲಿ ಎಂಬ ಪ್ರಶ್ನೆ.

ಗುಂಡು ಮೇಜು ದಾಟಿತು

ಲೆಕ್ಕ ಹಾಕಿಯೇ ನೋಡೋಣ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಓಡುವ ಗಾತ್ರ 28 ಮಿಲಿಮೀಟರ್. ಪ್ರಮಾಣದಲ್ಲಿ ಹೇಳಿದರೆ ಸುಮಾರು 1:56. ವಾಟರ್ಲೂ ಕಾಲದ ಬ್ರೌನ್ ಬೆಸ್ ಬಂದೂಕಿನಿಂದ ಗುರಿ ಹಿಡಿದು ಹೊಡೆಯಲು ಆಗುತ್ತಿದ್ದದ್ದು ಹೆಚ್ಚೆಂದರೆ ನೂರು ಗಜ. ಅದನ್ನು 56ರಿಂದ ಭಾಗಿಸಿದರೆ 1.63 ಮೀಟರ್.

ಆಟದ ಮಾಮೂಲಿ ಮೇಜು ಆರಡಿ ಉದ್ದ, ನಾಲ್ಕಡಿ ಅಗಲ. ನಾಲ್ಕಡಿ ಎಂದರೆ 1.22 ಮೀಟರ್. ಈ ತುದಿಯಲ್ಲಿ ನಿಂತ ಸಿಪಾಯಿಯ ಗುಂಡು ಆ ತುದಿ ದಾಟಿ ಎದುರಾಳಿಯ ಹೊಟ್ಟೆಗೇ ಬೀಳಬೇಕು! ಸೇನೆ ಮುನ್ನುಗ್ಗುವುದು, ಪಕ್ಕದಿಂದ ಸುತ್ತುವರಿಯುವುದು ಎಲ್ಲವೂ ಮರೆತ ಮಾತು.

ಹಾಗಾಗಿ ನಿಯಮ ಬರೆಯುವವರು ನೆಲವನ್ನು ಹಿಂಡುತ್ತಾರೆ. 2009ರಲ್ಲಿ ಬಂದ 'ಬ್ಲ್ಯಾಕ್ ಪೌಡರ್' ಎಂಬ ಜನಪ್ರಿಯ ನಿಯಮಾವಳಿಯಲ್ಲಿ ಬಂದೂಕಿನ ಹೊಡೆತ 18 ಇಂಚು. ಎರಡನೇ ಮಹಾಯುದ್ಧದ 'ಬೋಲ್ಟ್ ಆಕ್ಷನ್' ಆಟದಲ್ಲಿ ರೈಫಲ್ಲಿನದು 24 ಇಂಚು. ಅದನ್ನು ಗೊಂಬೆಯ ಪ್ರಮಾಣಕ್ಕೆ ಹಿಗ್ಗಿಸಿದರೆ 34 ಮೀಟರ್. ನಿಜದ ಲೀ-ಎನ್‌ಫೀಲ್ಡ್ ರೈಫಲ್ ನೂರಾರು ಮೀಟರ್ ಆಚೆಯವನನ್ನು ಬೀಳಿಸುತ್ತಿತ್ತು. ಆಡುವಾಗ ಇದು ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಮನಸ್ಸು ತಾನೇ ನೆಲವನ್ನು ಹಿಗ್ಗಿಸಿಕೊಳ್ಳುತ್ತದೆ.

ಚುಚ್ಚುವುದು ಇನ್ನೊಂದು ಕಡೆ: ಸಾಲಿನ ದಪ್ಪದಲ್ಲಿ. ಆರುನೂರು ಮಂದಿಯ ಒಂದು ಪಟಾಲಂ ಎರಡು ಸಾಲಾಗಿ ನಿಂತರೆ ಮುಂಭಾಗದ ಉದ್ದ ಸುಮಾರು 165 ಮೀಟರ್, ದಪ್ಪ ಎರಡು ಮೂರು ಮೀಟರ್, ಅಷ್ಟೆ. ದಾರದಂಥ ಗೆರೆ. ನೆಲವನ್ನು ಸಾವಿರದಲ್ಲಿ ಒಂದಕ್ಕೆ ಇಳಿಸಿದರೆ ಮೇಜಿನ ಮೇಲೆ ಇದಕ್ಕೆ ಸಿಗುವ ಜಾಗ ಹದಿನಾರೂವರೆ ಸೆಂಟಿಮೀಟರ್. 28 ಮಿಲಿಮೀಟರಿನ ಗೊಂಬೆಯ ಕಾಲಡಿಯ ಬೇಸ್ ಇಪ್ಪತ್ತು ಮಿಲಿಮೀಟರ್ ಅಗಲ. ಸಾಲಿಗೆ ಎಂಟು ಮಂದಿ ಹಿಡಿಸುತ್ತಾರೆ. ಎರಡು ಸಾಲಿಗೆ ಹದಿನಾರು ಮಂದಿ ಆರುನೂರು ಜನರ ಪಾತ್ರ ವಹಿಸಬೇಕು. ದಪ್ಪ ನಾಲ್ಕು ಸೆಂಟಿಮೀಟರ್. ನೆಲದ ಲೆಕ್ಕದಲ್ಲಿ ನಲವತ್ತು ಮೀಟರ್! ಇನ್ನು ಎತ್ತರ ಕೇಳುವುದೇ ಬೇಡ, ಒಂಬತ್ತು ಅಂತಸ್ತಿನ ಕಟ್ಟಡದಷ್ಟು.

ಅದೇ ಜಾಗದಲ್ಲಿ 6 ಮಿಲಿಮೀಟರಿನ ಗೊಂಬೆಗಳನ್ನು ಒಂದು ಸಾಲಿಗೆ ನಲವತ್ತು ನಿಲ್ಲಿಸಬಹುದು. ಆಗ ಪಟಾಲಂ ಪಟಾಲಂನಂತೆ ಕಾಣುತ್ತದೆ: ಉದ್ದ, ತೆಳ್ಳಗೆ, ಎಲ್ಲಿ ಮುರಿದೀತೋ ಎಂಬ ದಿಗಿಲು ಹುಟ್ಟಿಸುವಂತೆ.

ಮನೆಮಠಗಳ ಗತಿ ಇನ್ನೂ ತಮಾಷೆ. ಗೊಂಬೆಗೆ ಸರಿಹೊಂದುವ ಮನೆ ಇಟ್ಟರೆ ಅದೊಂದೇ ಅರ್ಧ ಊರಿನ ಜಾಗ ನುಂಗುತ್ತದೆ. ಅದಕ್ಕೇ ಪಳಗಿದ ಆಟಗಾರರು ಮನೆಗಳನ್ನು ಒಂದು ಗಾತ್ರ ಚಿಕ್ಕದೇ ತರುತ್ತಾರೆ. ಸಿಪಾಯಿ ಬಾಗಿಲಲ್ಲಿ ತಲೆ ಬಗ್ಗಿಸಿದರೂ ನುಗ್ಗಲಾರ. ನುಗ್ಗುವ ಪ್ರಮೇಯವೂ ಬರುವುದಿಲ್ಲ ಬಿಡಿ. ಆ ಒಂದು ಮನೆಯೇ ಇಡೀ ಹಳ್ಳಿ ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರುತ್ತಾರೆ.

▌ ಬಾಕ್ಸ್: ಒಂದೇ ಟ್ಯಾಂಕು, ನಾಲ್ಕು ಉದ್ದ

ಎರಡನೇ ಮಹಾಯುದ್ಧದ ಅಮೆರಿಕನ್ ಶೆರ್ಮನ್ ಟ್ಯಾಂಕಿನ ನಿಜವಾದ ಉದ್ದ ಸುಮಾರು 5.84 ಮೀಟರ್. ಮೇಜಿನ ಮೇಲೆ:

28 ಮಿ.ಮೀ. ಗೊಂಬೆಗಳ ಜೊತೆ (1:56): 10.4 ಸೆಂ.ಮೀ.

ಪ್ಲಾಸ್ಟಿಕ್ ಕಿಟ್‌ಗಳಲ್ಲಿ (1:72): 8.1 ಸೆಂ.ಮೀ.

15 ಮಿ.ಮೀ. ಗೊಂಬೆಗಳ ಜೊತೆ (1:100): 5.8 ಸೆಂ.ಮೀ.

6 ಮಿ.ಮೀ. ಗೊಂಬೆಗಳ ಜೊತೆ (1:285): 2 ಸೆಂ.ಮೀ.

ಹಸ್ತದಷ್ಟು ಉದ್ದದ್ದು ಹೆಬ್ಬೆರಳ ಉಗುರಿನಷ್ಟಾಗುವ ಹೊತ್ತಿಗೆ ಒಂದು ಟ್ಯಾಂಕಿನ ಜಾಗದಲ್ಲಿ ಒಂದು ದಳವೇ ನಿಂತಿರುತ್ತದೆ.

ಅಂಕಿಗಳು ಬಂದ ದಾರಿ

54, 28, 15, 6. ಈ ವಿಚಿತ್ರ ಅಂಕಿಗಳನ್ನು ಯಾವ ಸಮಿತಿಯೂ ಕೂತು ನಿಗದಿ ಮಾಡಿದ್ದಲ್ಲ. ಹೆಚ್ಚಿನವು ಬೇರೆ ಆಟಿಕೆಗಳ ಹೊಟ್ಟೆಯಿಂದ ಬಂದವು.

ಯುದ್ಧದಾಟದ ಮೂಲಪುರುಷರಿಗೆ ಈ ತಲೆನೋವೇ ಇರಲಿಲ್ಲ. ಪ್ರಶ್ಯದ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ 'ಕ್ರೀಗ್‌ಸ್ಪೀಲ್' ಆಟವನ್ನು 1:8000 ಪ್ರಮಾಣದ ನಕ್ಷೆಯ ಮೇಲೆ ಆಡುತ್ತಿದ್ದರು. ಸಿಪಾಯಿಗಳ ಬದಲು ಚಪ್ಪಟೆ ಬಿಲ್ಲೆಗಳು. ಪಡೆ ನಿಜವಾಗಿ ಎಷ್ಟು ಜಾಗ ಹಿಡಿಯುತ್ತದೋ ಬಿಲ್ಲೆಯೂ ನಕ್ಷೆಯ ಮೇಲೆ ಅಷ್ಟೇ ಹಿಡಿಯುತ್ತಿತ್ತು. ಪ್ರಾಮಾಣಿಕವಾದ ಅಳತೆ. ಆದರೆ ಬಿಲ್ಲೆಗೆ ಮೀಸೆ ಇಲ್ಲ, ಅಂಗಿಗೆ ಬಣ್ಣವಿಲ್ಲ. ಸೇನಾಧಿಕಾರಿಗಳಿಗೆ ಅಷ್ಟು ಸಾಕಿತ್ತು. ಆಟಗಾರನಿಗೆ ಸಾಕಾಗುವುದೇ?

ಇಂಗ್ಲೆಂಡಿನಲ್ಲಿ 1893ರಲ್ಲಿ ಬ್ರಿಟನ್ಸ್ ಎಂಬ ಆಟಿಕೆ ಕಂಪನಿ ಒಳಗೆ ಟೊಳ್ಳಿರುವ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯಲು ಕಲಿತಿತು. ಸೀಸ ಉಳಿಯಿತು, ಬೆಲೆ ಇಳಿಯಿತು. ಮಕ್ಕಳ ಆಟದ ರೈಲಿಗೆ ಹೊಂದಲಿ ಎಂದು ಎತ್ತರ 54 ಮಿಲಿಮೀಟರ್ ಇಟ್ಟರು, 1:32. ಲೇಖಕ ಎಚ್.ಜಿ. ವೆಲ್ಸ್ ತನ್ನ 'ಲಿಟ್ಲ್ ವಾರ್ಸ್' ಬರೆದದ್ದು ಇವುಗಳನ್ನು ಇಟ್ಟುಕೊಂಡೇ, 1913ರಲ್ಲಿ. ವೆಲ್ಸನಿಗೆ ಮೇಜು ಸಾಲಲಿಲ್ಲ, ನೆಲದ ಮೇಲೆ ಬೋರಲು ಮಲಗಿ ಆಡಿದ. ಕಾಲಾಳು ಒಂದು ಸರದಿಗೆ ಒಂದಡಿ, ಕುದುರೆ ಎರಡಡಿ. ಫಿರಂಗಿಯ ದೂರಕ್ಕೆ ಲೆಕ್ಕವೇ ಬೇಡ. ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಯಿಂದ ಮರದ ಗುಂಡನ್ನು ನಿಜವಾಗಿಯೇ ಹಾರಿಸಬೇಕು, ಬಿದ್ದವನು ಸತ್ತ. ಅಳತೆಯ ಜಗಳವನ್ನು ಇಷ್ಟು ಸಲೀಸಾಗಿ ಯಾರೂ ಬಗೆಹರಿಸಿಲ್ಲ.

ಮುಂದೆ ವಿಮಾನ ಮಾದರಿಗಳವರು 1:72 ತಂದರು. ಅದರ ಲೆಕ್ಕ ಅಂದವಾಗಿದೆ: ಆರಡಿ ಎಂದರೆ 72 ಇಂಚು, ಹಾಗಾಗಿ ಆರಡಿಯ ಆಳು ಒಂದಿಂಚು. ಏರ್‌ಫಿಕ್ಸ್ ಕಂಪನಿ 1959ರಲ್ಲಿ ಅಗ್ಗದ ಪ್ಲಾಸ್ಟಿಕ್ ಸಿಪಾಯಿಗಳನ್ನು ಮಾರುಕಟ್ಟೆಗೆ ಬಿಟ್ಟು, ಡಬ್ಬಿಯ ಮೇಲೆ 'ಓಓ/ಎಚ್‌ಓ' ಎಂದು ಅಚ್ಚು ಹಾಕಿತು. ಅವು ಆಟಿಕೆ ರೈಲಿನವರ ಎರಡು ಬೇರೆಬೇರೆ ಪ್ರಮಾಣಗಳು. ಒಂದು 1:76, ಇನ್ನೊಂದು 1:87! ನಡುವಿನ ಓರೆಗೆರೆಯೇ ಎರಡನ್ನೂ ಹೊಂದಿಸಿತು. ಹುಡುಗರು ತಕರಾರು ತೆಗೆಯಲಿಲ್ಲ. ಕೈಖರ್ಚಿನ ಕಾಸಿಗೆ ಒಂದು ಪಡೆಯೇ ಸಿಗುತ್ತಿತ್ತಲ್ಲ. ಸೌತಾಂಪ್ಟನ್ನಿನ ಡೊನಾಲ್ಡ್ ಫೆದರ್‌ಸ್ಟನ್ ಎಂಬ ಫಿಸಿಯೋಥೆರಪಿಸ್ಟ್ 1962ರಲ್ಲಿ 'ವಾರ್ ಗೇಮ್ಸ್' ಪುಸ್ತಕ ಬರೆದಾಗ, ಈ ಅಗ್ಗದ ಸೇನೆ ಬೆನ್ನಿಗಿದ್ದ ಒಂದು ತಲೆಮಾರೇ ಅದನ್ನು ಓದಲು ಕಾದಿತ್ತು.

ಬೆಳೆಯುತ್ತಲೇ ಇರುವ ಸಿಪಾಯಿ

ಎಪ್ಪತ್ತರ ದಶಕದಲ್ಲಿ ಲೋಹದ ಗೊಂಬೆಗಳು 25 ಮಿಲಿಮೀಟರ್ ಎಂದು ಮಾರಾಟವಾಗುತ್ತಿದ್ದವು. ಈಗ 28 ಎನ್ನುತ್ತಾರೆ. ಅಳೆದರೆ ಎಷ್ಟೋ ಗೊಂಬೆಗಳು 30, 32. ಆಟಗಾರರು ಇದಕ್ಕೆ 'ಸ್ಕೇಲ್ ಕ್ರೀಪ್' ಎನ್ನುತ್ತಾರೆ. ಸದ್ದಿಲ್ಲದೆ ತೆವಳುತ್ತ ಅಳತೆ ಮೇಲೇರುವುದು.

ಕಾರಣ ಒಂದಲ್ಲ. ಮೊದಲನೆಯದು, ಎಲ್ಲಿಂದ ಎಲ್ಲಿಗೆ ಅಳೆಯಬೇಕು? ತಲೆಯ ಮೇಲೆ ಟೋಪಿ, ಶಿರಸ್ತ್ರಾಣ, ಗರಿ. ನೆತ್ತಿ ಕಾಣುವುದಿಲ್ಲ. ಅದಕ್ಕೆ ಕೆಲವು ಶಿಲ್ಪಿಗಳು ಪಾದದಿಂದ ಕಣ್ಣಿನವರೆಗೆ ಅಳೆದರು, ಕೆಲವರು ನೆತ್ತಿಯವರೆಗೆ. ಕಣ್ಣಿನವರೆಗೆ 28 ಇರುವ ಗೊಂಬೆ ನೆತ್ತಿಗೆ ಬರುವ ಹೊತ್ತಿಗೆ 30 ದಾಟಿರುತ್ತದೆ. ಡಬ್ಬಿಯ ಮೇಲೆ ಇಬ್ಬರದೂ 28. ತಂದು ಪಕ್ಕಪಕ್ಕ ನಿಲ್ಲಿಸಿದಾಗ ಒಂದೇ ಪಡೆಯಲ್ಲಿ ಅಪ್ಪ, ಮಗ!

ಎರಡನೆಯದು ದಪ್ಪ. 1987ರಲ್ಲಿ ಬಂದ 'ವಾರ್‌ಹ್ಯಾಮರ್ 40,000' ಎಂಬ ಬಾಹ್ಯಾಕಾಶ ಯುದ್ಧದ ಆಟ ಇವತ್ತು ಈ ಲೋಕದ ದೊಡ್ಡ ದೊರೆ. ಅದರ ಗೊಂಬೆಗಳ ಮೈಕಟ್ಟಿಗೆ 'ಹೀರೋಯಿಕ್' ಎಂದು ಹೆಸರು. ದೊಡ್ಡ ತಲೆ, ಮುಷ್ಟಿ ಇನ್ನೂ ದೊಡ್ಡದು, ಕೊಳವೆಯಂಥ ಬಂದೂಕು. ನೋಡಿದವರಿಗೆ ಕಾರ್ಟೂನು ಅನ್ನಿಸಬಹುದು. ಆದರೆ ಆಟಗಾರ ಗೊಂಬೆಯನ್ನು ನೋಡುವುದು ಮೂರಡಿ ಮೇಲಿನಿಂದ. ಅಲ್ಲಿಂದ ಸರಿಯಳತೆಯ ಮುಖ ಒಂದು ಚುಕ್ಕೆ. ಅದೂ ಅಲ್ಲದೆ, ರಬ್ಬರ್ ಅಚ್ಚಿನಲ್ಲಿ ಲೋಹ ಹೊಯ್ಯುವವನಿಗೆ ನಿಜದ ಪ್ರಮಾಣದ ಬಯೊನೆಟ್ ಕೂದಲೆಳೆ. ಲೋಹ ಅಲ್ಲಿಗೆ ಹರಿಯುವುದಿಲ್ಲ, ಹರಿದರೂ ಮೊದಲ ಆಟಕ್ಕೇ ಮುರಿಯುತ್ತದೆ. ಕಣ್ಣಿಗೂ ಅಚ್ಚಿಗೂ ಅನುಕೂಲವಾಗಲೆಂದು ಸಿಪಾಯಿ ದಪ್ಪಗಾದ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ತುಸು ದೊಡ್ಡ ಗೊಂಬೆಯೇ ಮೊದಲು ಕಣ್ಣಿಗೆ ಬೀಳುತ್ತದೆ.

▌ ಬಾಕ್ಸ್: ಗೋಡೆಯ ಮೇಲಿನ ಯುದ್ಧ

ವಾಟರ್ಲೂ ಗೆದ್ದ ವೆಲ್ಲಿಂಗ್ಟನ್ನನಿಗೆ ಯುದ್ಧದ ಚಿತ್ರಣ ಹೊಸದೇನಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿ ಅವನು ತಂಗಿದ್ದು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯಲ್ಲಿ. ಅದರ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನ: ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ, ಸುತ್ತ ಮೈಸೂರು ಸೇನೆ. ತನ್ನವರ ಸೋಲಿನ ಆ ಚಿತ್ರವನ್ನು ವೆಲ್ಲೆಸ್ಲಿ ದುರಸ್ತಿ ಮಾಡಿಸಿದ. ನಲವತ್ತು ವರ್ಷದ ಬಳಿಕ ಸೈಬಾರ್ನನ ಮಾದರಿಯ ವಿಷಯದಲ್ಲಿ ಆ ಔದಾರ್ಯ ಕಾಣಲಿಲ್ಲ. ಪ್ರಶ್ಯನ್ ಪಡೆಗಳ ಜಾಗದ ಬಗ್ಗೆ ವೆಲ್ಲಿಂಗ್ಟನ್ನನ ಕಡೆಯಿಂದ ತಕರಾರು ಬಂತು. ಕಡೆಗೆ ಸೈಬಾರ್ನ್ ಸಾವಿರಾರು ಪ್ರಶ್ಯನ್ ಗೊಂಬೆಗಳನ್ನು ಕಿತ್ತ.

ಹಾಗಾದರೆ ಕೊಳ್ಳುವುದು ಯಾವುದನ್ನು?

ಮೊದಲು ಮೇಜು. ಮನುಷ್ಯನ ಕೈ ಎರಡೂವರೆ ಅಡಿಗಿಂತ ಆಚೆ ಸಲೀಸಾಗಿ ಚಾಚುವುದಿಲ್ಲ. ಹಾಗಾಗಿ ಎಷ್ಟೇ ದೊಡ್ಡ ಬಂಗಲೆ ಇದ್ದರೂ ಮೇಜಿನ ಅಗಲ ಐದಡಿ ಮೀರುವ ಹಾಗಿಲ್ಲ. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಊಟದ ಮೇಜು ನಾಲ್ಕಡಿ-ಮೂರಡಿ ಇದ್ದರೆ ಹೆಚ್ಚು, ಅದೂ ರಾತ್ರಿ ಊಟದ ಹೊತ್ತಿಗೆ ಖಾಲಿಯಾಗಬೇಕು. ಅಲ್ಲಿ 28 ಮಿಲಿಮೀಟರಿನ ವಾಟರ್ಲೂ ಹೂಡುತ್ತೇನೆಂದರೆ ನಡೆಯುವ ಮಾತಲ್ಲ.

ಸಣ್ಣ ಮೇಜಿನವರ ಪಾಲಿಗೆ ಒಂದು ದೊಡ್ಡ ಉಪಕಾರ 1990ರಲ್ಲಿ ಆಯಿತು. ಫಿಲ್ ಬಾರ್ಕರ್ ಮುಂದಾಳತ್ವದಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್' ಎಂಬ ನಿಯಮಾವಳಿ ಪ್ರಾಚೀನ ಸೇನೆಯನ್ನು ಹನ್ನೆರಡೇ ತುಂಡುಗಳಿಗೆ ಇಳಿಸಿತು. 15 ಮಿಲಿಮೀಟರಿನಲ್ಲಿ ಎರಡಡಿ ಚೌಕದ ಹಲಗೆ ಸಾಕು. ಇನ್ನೊಂದು ಜಾಣತನವೂ ಅದರಲ್ಲಿದೆ. ಆಟಕ್ಕೆ ಲೆಕ್ಕವಾಗುವುದು ಬೇಸಿನ ಅಗಲ: 15ಕ್ಕೆ 40 ಮಿಲಿಮೀಟರ್, 25ಕ್ಕೆ 60. ಬೇಸಿನ ಮೇಲೆ ಎಷ್ಟು ಎತ್ತರದವನು ನಿಂತಿದ್ದಾನೆ ಎಂಬುದು ಆಟವನ್ನು ಬದಲಿಸುವುದಿಲ್ಲ. ಅದೇ 40 ಮಿಲಿಮೀಟರ್ ಬೇಸಿನ ಮೇಲೆ ನಾಲ್ವರು 15ರ ಸಿಪಾಯಿಗಳ ಬದಲು 6 ಮಿಲಿಮೀಟರಿನವರನ್ನು ಹಿಂಡುಹಿಂಡಾಗಿ ಅಂಟಿಸಿ ಆಡುವವರಿದ್ದಾರೆ. ನೋಡಲು ಭಯಂಕರ ಚೆಂದ.

ಆಮೇಲೆ, ಯಾವ ಯುದ್ಧ ಮತ್ತು ಅದರಲ್ಲಿ ನೀವು ಯಾರು? ಮೈಸೂರು ಯುದ್ಧಗಳನ್ನೇ ತೆಗೆದುಕೊಳ್ಳಿ. 1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಗೋಡೆ ಬಿರಿದ ಜಾಗದಲ್ಲಿ ನಡೆದ ಕೈಕೈ ಕಾದಾಟ ನಿಮಗೆ ಬೇಕಿದ್ದರೆ 28 ಮಿಲಿಮೀಟರೇ ಸರಿ. ಒಂದೊಂದು ಕಡೆಗೆ ಮೂವತ್ತು ಗೊಂಬೆ, ಒಂದು ಮುರುಕು ಗೋಡೆ, ಸಾಕು. ಟಿಪ್ಪುವಿನ ಸಿಪಾಯಿಯ ಹುಲಿಪಟ್ಟೆ ಅಂಗಿಯನ್ನು ಕುಂಚದ ತುದಿಯಲ್ಲಿ ಒಂದೊಂದು ಪಟ್ಟೆಯಾಗಿ ಬಿಡಿಸುವ ಸುಖ ಈ ಗಾತ್ರದಲ್ಲಿ ಮಾತ್ರ. ಅದರ ಬದಲು ಪೊಲ್ಲಿಲೂರು ಬೇಕೇ, ಹೈದರನ ಕುದುರೆ ಸಾಗರ ಬೈಲಿಯ ಪುಟ್ಟ ಪಡೆಯನ್ನು ಸುತ್ತುಗಟ್ಟುವುದನ್ನು ಕಾಣಬೇಕೇ? ಆಗ 6 ಅಥವಾ 10. ಹುಲಿಪಟ್ಟೆ ಒಂದು ನೇರಳೆ ಮಸಕಾಗುತ್ತದೆ, ಆದರೆ ಸುತ್ತುವರಿದವರ ಉಸಿರುಗಟ್ಟುವಿಕೆ ಮೇಜಿನ ಮೇಲೆ ಕಾಣುತ್ತದೆ. ಮೊದಲನೆಯದರಲ್ಲಿ ನೀವು ಸುಬೇದಾರ, ಎರಡನೆಯದರಲ್ಲಿ ಸೇನಾಪತಿ.

ನನ್ನನ್ನು ಕೇಳಿದರೆ 6 ಮಿಲಿಮೀಟರಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಇದರ ಬಣ್ಣಗಾರಿಕೆಯೇ ಬೇರೆ. ಗುಂಡಿ, ಕಣ್ಣು, ಪಟ್ಟಿ ಯಾವುದಕ್ಕೂ ಕೈಹಾಕಬಾರದು. ನಿಜದ ಬಟ್ಟೆಗಿಂತ ಎರಡು ಪಟ್ಟು ಗಾಢವಾದ ಬಣ್ಣ ಬಳಿಯಬೇಕು, ಬಾವುಟ ಅಳತೆ ಮೀರಿ ದೊಡ್ಡದಿರಬೇಕು. ಹತ್ತಿರದಿಂದ ಒರಟು, ತೋಳಳತೆಯಲ್ಲಿ ಸೇನೆ. ಹೊಸಬರು ಇದನ್ನು ಒಲ್ಲೆ ಎನ್ನುತ್ತಾರೆ. ಅಂಗಡಿಗೆ ಹೋಗುವಾಗ ಎಲ್ಲರ ತಲೆಯಲ್ಲಿರುವುದು ವಾಟರ್ಲೂ, ಕೈ ಹೋಗುವುದು ಮಾತ್ರ ಮೀಸೆ ಎಣಿಸಬಹುದಾದ ಗೊಂಬೆಯ ಕಡೆಗೇ. ಈ ತಲೆ, ಕೈಗಳ ನಡುವೆ ರಾಜಿ ಮಾಡಿಸುವುದು 15. ಮುಖವೂ ಇದೆ, ಪಡೆಯೂ ಆಗುತ್ತದೆ, ಊಟದ ಮೇಜಿಗೂ ಒಗ್ಗುತ್ತದೆ. ರಾಜಿಯ ಮಾಲಿಗೆ ಹುಚ್ಚು ಅಭಿಮಾನಿಗಳು ಸಿಗುವುದು ಕಡಿಮೆ, ಅಷ್ಟೆ.

ದುಡ್ಡಿನ ಲೆಕ್ಕದಲ್ಲೂ ಎತ್ತರ ಮೋಸ ಮಾಡುತ್ತದೆ. 28ಕ್ಕೂ 15ಕ್ಕೂ ಸುಮಾರು ಅರ್ಧದಷ್ಟೇ ವ್ಯತ್ಯಾಸವೆಂದು ತೋರುತ್ತದೆ. ಆದರೆ ಎತ್ತರ ಇಳಿದಂತೆ ಅಗಲ, ದಪ್ಪಗಳೂ ಇಳಿಯುತ್ತವೆ. ಒಬ್ಬ 28ರ ಸಿಪಾಯಿಯನ್ನು ಕರಗಿಸಿದರೆ 15ರವರು ಆರು ಮಂದಿ ಎದ್ದು ನಿಂತು, ಇನ್ನರ್ಧ ಸಿಪಾಯಿಗಾಗುವಷ್ಟು ಲೋಹ ಮಿಗುತ್ತದೆ. ವಿದೇಶದಿಂದ ತರಿಸುವಾಗ ಅಂಚೆಯ ತೂಕಕ್ಕೂ ಇದೇ ಲೆಕ್ಕ.

ಇಷ್ಟೆಲ್ಲ ತೂಗಿ ನೋಡಿದ ಮೇಲೂ ಎದುರು ಕೂರುವವನ ಬಳಿ ಯಾವ ಗಾತ್ರ ಇದೆ ಎಂಬುದು ಎಲ್ಲವನ್ನೂ ತಲೆಕೆಳಗು ಮಾಡಬಲ್ಲದು. ಊರಿನಲ್ಲಿ ಆಡುವವರೆಲ್ಲ 28 ಇಟ್ಟುಕೊಂಡಿದ್ದರೆ ನಿಮ್ಮ 6ರ ಸೇನೆ ಕಪಾಟಿನಲ್ಲೇ ಕೂರಬೇಕು. ಇದಕ್ಕೆ ಮದ್ದು: ಎರಡೂ ಕಡೆಯ ಸೇನೆ ನೀವೇ ಮಾಡಿಕೊಳ್ಳುವುದು. ಸಣ್ಣ ಗಾತ್ರದವರು ಹೆಚ್ಚಾಗಿ ಮಾಡುವುದೂ ಅದನ್ನೇ.

ಶೇಕಡಾ ಐವತ್ನಾಲ್ಕು

ಕಂಪನಿಗಳು ಸುಮ್ಮನಿಲ್ಲ. ಬ್ರಿಟನ್ನಿನ ವಾರ್‌ಲಾರ್ಡ್ ಗೇಮ್ಸ್ 2021ರಲ್ಲಿ ಅಮೆರಿಕದ ಅಂತರ್ಯುದ್ಧದ ಪ್ಲಾಸ್ಟಿಕ್ ಸೇನೆಗಳನ್ನು ಹೊರತಂದಿತು. ಎತ್ತರ 13.5 ಮಿಲಿಮೀಟರ್! ವಾರ್‌ಹ್ಯಾಮರ್‌ನವರು 2023ರಲ್ಲಿ 'ಲೀಜಿಯನ್ಸ್ ಇಂಪೀರಿಯಾಲಿಸ್' ಎಂಬ ಆಟಕ್ಕೆ ಸುಮಾರು 8 ಮಿಲಿಮೀಟರಿನ ಸಿಪಾಯಿಗಳನ್ನು ತಂದರು. ಹಳೆಯ 15ಕ್ಕಾಗಲಿ, 6ಕ್ಕಾಗಲಿ ಇವು ಪೂರ್ತಿ ಹೊಂದುವುದಿಲ್ಲ. ಒಮ್ಮೆ ಈ ಗಾತ್ರಕ್ಕೆ ಕೈಹಾಕಿದವನು ಮುಂದಿನ ಪಡೆಗೂ ಇದೇ ಅಂಗಡಿಗೆ ಬರಬೇಕು. ಇದು ವ್ಯಾಪಾರದ ಉಪಾಯ ಎಂದು ನನ್ನ ಗುಮಾನಿ.

ಆ ಬೇಲಿಯನ್ನು ಹಾರುತ್ತಿರುವುದು ಮನೆಮನೆಗೆ ಬರುತ್ತಿರುವ ತ್ರೀಡಿ ಪ್ರಿಂಟರ್. ಗೊಂಬೆಯನ್ನು ಕಡತವಾಗಿ ಕೊಂಡುಕೊಂಡು ಬೇಕಾದ ಎತ್ತರಕ್ಕೆ ಅಚ್ಚು ಹಾಕಬಹುದು. 28ರ ಕಡತವನ್ನು ಶೇಕಡಾ 54ಕ್ಕೆ ಇಳಿಸಿದರೆ 15 ಸಿದ್ಧ. ತೊಂದರೆ ಎಲ್ಲಿ ಬರುತ್ತದೆಂದರೆ, ಅದೇ ಶೇಕಡಾ 54 ಬಯೊನೆಟ್ಟಿಗೂ ಬಾರುಪಟ್ಟಿಗೂ ತಾಗುತ್ತದೆ. ಮೂಲದಲ್ಲಿ ಅರ್ಧ ಮಿಲಿಮೀಟರ್ ದಪ್ಪವಿದ್ದದ್ದು ಕಾಲು ಮಿಲಿಮೀಟರಿಗೆ ಬಂದು, ಅಚ್ಚಾಗುವಾಗ ಗೊಂಬೆಯನ್ನು ಹಿಡಿದಿದ್ದ ಆಧಾರದ ಕಡ್ಡಿ ಕೀಳುವಾಗಲೇ ಕೈಗೆ ಬರುತ್ತದೆ. ಇಲ್ಲಿ ಕೈಹಿಡಿಯುವುದು ಎಲ್ಲರೂ ನಕ್ಕಿದ್ದ ಆ ಹೀರೋಯಿಕ್ ಮೈಕಟ್ಟೇ. ದಪ್ಪ ಮುಷ್ಟಿ, ಕೊಳವೆ ಬಂದೂಕಿನ ಸಿಪಾಯಿ ಅರ್ಧಕ್ಕಿಳಿದ ಮೇಲೂ ಗಟ್ಟಿಯಾಗಿ ನಿಲ್ಲುತ್ತಾನೆ, ನಾಜೂಕಿನವನು ಉಳಿಯುವುದಿಲ್ಲ. ಕಡತ ಕೊಳ್ಳುವಾಗ ಚಿತ್ರದಲ್ಲಿ ಕಂಡ ಮುಖದ ಚೆಲುವಿಗೆ ಸೋಲದೆ, ಕೈಲಿರುವ ಕತ್ತಿ ಎಷ್ಟು ದಪ್ಪ ಎಂದು ನೋಡಿ.